ಪುಟ್ಟಿ, ಇವತ್ತಿನದ್ದು ಮಾತ್ರ ನೋಡು

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಕೇಳಿದೆ. ಅಪ್ಪನಿಗೆ ಸ್ಟ್ರೋಕ್ ಆಗಿ ಮೂರು ವಾರ ಆಯಿತು, ಡಾಕ್ಟರು ಆರು ತಿಂಗಳಾದರೂ ದಿನಾ ವ್ಯಾಯಾಮ ಮಾಡಿಸಿ ಅಂದರು, ನನ್ನಿಂದ ಆಗುವುದಿಲ್ಲ ಅತ್ತೆ ಅಂತ ಅತ್ತಿದ್ದೀಯಲ್ಲ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಇದು ನೀನು ನಿನ್ನ ಅಪ್ಪನಿಗೆ, ನನ್ನ ಅಣ್ಣನಿಗೆ, ತಿಂಡಿ ತಿನ್ನಿಸುವ ಹೊತ್ತು. ಬಿಡುವಾದಾಗ ಕೇಳು, ಸ್ವಲ್ಪ ಉದ್ದ ಆಗುತ್ತದೆ.

ನಿನ್ನ ಮಾವನಿಗೆ ಆದದ್ದು 2021ರ ನವೆಂಬರಿನಲ್ಲಿ. ನೀನು ಆಗ ಪರೀಕ್ಷೆ ಅಂತ ಬರಲಿಲ್ಲ, ಅವರನ್ನು ನೋಡಿಲ್ಲ. ಬಲಗೈ ಬಲಗಾಲು ಎರಡೂ ಬಿದ್ದುಹೋಗಿತ್ತು. ದಿನವಿಡೀ ತೋಟದಲ್ಲಿ ತಿರುಗಾಡಿದ ಜನ, ಮಂಚದ ಮೇಲೆ ಕೂರಿಸಿದರೆ ಒಂದು ಬದಿಗೆ ವಾಲುತ್ತಿದ್ದರು. ನಾನೂ ರಾತ್ರಿ ನಿದ್ದೆ ಬಿಟ್ಟು ಲೆಕ್ಕ ಹಾಕುತ್ತಿದ್ದೆ. ಇವರು ನಿಲ್ಲುವುದು ಯಾವಾಗ, ಬಚ್ಚಲಿಗೆ ಹೋಗುವುದು ಯಾವಾಗ, ತೋಟಕ್ಕೆ ಇಳಿಯುವುದು ಯಾವಾಗ. ಲೆಕ್ಕ ಹಾಕಿದಷ್ಟೂ ಎದೆ ಒಡೆಯುತ್ತಿತ್ತು.

ಫಿಸಿಯೋಥೆರಪಿ ಮಾಡಿಸಲು ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಮೆದುಳಿನ ಸತ್ತ ಭಾಗ ವಾಪಸ್ ಬರುವುದಿಲ್ಲ, ಆದರೆ ಉಳಿದ ಭಾಗ ಆ ಕೆಲಸವನ್ನು ಕಲಿತುಕೊಳ್ಳುತ್ತದೆ, ಅದು ಕಲಿಯುವುದು ಮತ್ತೆ ಮತ್ತೆ ಮಾಡಿದರೆ ಮಾತ್ರ ಅಂದಳು. ಮೊದಲ ತಿಂಗಳುಗಳಲ್ಲಿ ಗುಣ ಬೇಗ ಕಾಣುತ್ತದಂತೆ. ಆಮೇಲೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಮೊದಲ ದಿನ ಅವಳು ಕೇಳಿದ್ದು ಹತ್ತು ನಿಮಿಷ ನೆಟ್ಟಗೆ ಕೂರಿಸಿ ಅಂತ, ಅಷ್ಟೇ. ನಾವು ನಾಲ್ಕೇ ನಿಮಿಷ ಕೂರಿಸಿದೆವು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ 4 ಅಂತ ಬರೆದೆ.

ಕೈಯ ವ್ಯಾಯಾಮಕ್ಕೆ ಎರಡು ಬಟ್ಟಲು ಇಟ್ಟೆ. ಒಂದರಲ್ಲಿ ಸುಲಿದ ಅಡಿಕೆ. ಬಲಗೈಯಿಂದ ಒಂದೊಂದೇ ಎತ್ತಿ ಇನ್ನೊಂದಕ್ಕೆ ಹಾಕಬೇಕು. ಮೊದಲ ವಾರ ಎರಡು ಅಡಿಕೆ ದಾಟಿಸಿದರೆ ಬೆವರು ಬರುತ್ತಿತ್ತು, ಮಲಗಿಬಿಡುತ್ತಿದ್ದರು. ಆ ಸುಸ್ತು ಸೋಮಾರಿತನ ಅಲ್ಲ ಪುಟ್ಟಿ, ಈ ಕಾಯಿಲೆಯ ಸುಸ್ತೇ ಹಾಗೆ. ಅಣ್ಣನನ್ನು ಅದಕ್ಕೆ ಬೈಯಬೇಡ. ಒಂದೇ ಸಲ ಜಾಸ್ತಿ ಮಾಡಿಸುವುದಕ್ಕಿಂತ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಮಾಡಿಸು. ಅಡಿಕೆ ಆದ ಮೇಲೆ ಕಡಲೆಗೆ ಬಂದೆವು, ಆಮೇಲೆ ಬಟಾಣಿ.

ಮೂರನೇ ತಿಂಗಳಿನಲ್ಲಿ ಒಂದು ದಿನ ಬಟ್ಟಲನ್ನು ದೂಡಿ ಹಾಕಿಬಿಟ್ಟರು. ಎರಡು ವಾರದಿಂದ ಲೆಕ್ಕ ಮೇಲೆ ಹೋಗಿರಲಿಲ್ಲ. ಅಡಿಕೆ ಎಲ್ಲ ಮಂಚದ ಅಡಿಗೆ ಉರುಳಿತು. ನಾನು ಹೆಕ್ಕುತ್ತಾ ಅತ್ತೆ. ಅದೇ ವಾರ ಟಿವಿಯಲ್ಲಿ ಪದ್ಮಶ್ರೀ ಸುದ್ದಿ ಬಂತು, 2022ರ ಜನವರಿ. ನಮ್ಮ ದಕ್ಷಿಣ ಕನ್ನಡದ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ.

ನಿನಗೆ ಅವರ ಕಥೆ ಗೊತ್ತಾ? ತೆಂಗು, ಅಡಿಕೆ ಮರ ಹತ್ತುವ ಕೆಲಸ ಅವರದ್ದು. ಧಣಿಗಳು ಸುಮಾರು ಎರಡು ಎಕರೆ ಜಾಗ ಕೊಟ್ಟಿದ್ದರು, ಒಣ ಗುಡ್ಡ. ನೀರೇ ಇಲ್ಲ. ಹಗಲು ಕೂಲಿ ಮುಗಿಸಿ ಬಂದು, ಸಂಜೆ ದೀಪ ಇಟ್ಟುಕೊಂಡು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದರು. ಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಒಂದಲ್ಲ, ಎರಡಲ್ಲ. ಜನ ಏನೇನೋ ಅಂದರು. ಅವರು ಪಕ್ಕದಲ್ಲಿ ಇನ್ನೊಂದು ಶುರು ಮಾಡಿದರು. ಕೊನೆಗೆ ನೀರು ಬಂತು. ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಬರುವ ನೀರು. ಅದರಲ್ಲೇ ತೋಟ ಮಾಡಿದರು.

ನಿನ್ನ ಮಾವ ಅದನ್ನು ಪೂರ್ತಿ ನೋಡಿದರು, ಮಾತಾಡಲಿಲ್ಲ. ಸಂಜೆ "ಬಟ್ಟಲು" ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಸುಳ್ಳು ಹೇಳುವುದಿಲ್ಲ ಮಗಾ. ಅವರು ಮೊದಲಿನ ಹಾಗೆ ಆಗಲಿಲ್ಲ. ಸಹಿ ಇವತ್ತಿಗೂ ನಡುಗುತ್ತದೆ. ಆದರೆ ಕೋಲು ಹಿಡಿದು ತೋಟದ ಕೆರೆಯವರೆಗೆ ಹೋಗಿಬರುತ್ತಾರೆ. ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಮೊದಲ ಗುಂಡಿ ಹಾಕಿದ ದಿನ ನಾನು ಪಾಯಸ ಮಾಡಿದ್ದೆ.

ಒಂದು ಮುಖ್ಯ ಮಾತು, ಮರೆಯಬೇಡ. ಅಣ್ಣನನ್ನು ಆ ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡ, ಭುಜದ ಕೀಲು ಜಾರುತ್ತದೆ. ಸೊಂಟಕ್ಕೆ ಗಟ್ಟಿ ಟವೆಲ್ ಕಟ್ಟಿ ಅದನ್ನು ಹಿಡಿದು ಎಬ್ಬಿಸು. ಎಬ್ಬಿಸುವಾಗ ಇಬ್ಬರು ಇರಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಹೊಸ ವ್ಯಾಯಾಮ ಯಾವುದಾದರೂ ಫಿಸಿಯೋ ಹೇಳಿದ ಮೇಲೆಯೇ.

ಗ್ರೂಪಿನಲ್ಲಿ ಇರುವ ಉಳಿದವರಿಗೂ ಹೇಳುತ್ತಿದ್ದೇನೆ. ನೋಡಲು ಹೋದವರು ಹಾರ್ಲಿಕ್ಸ್ ಬಾಟಲಿ ಇಟ್ಟು ಅಯ್ಯೋ ಪಾಪ ಅಂತ ಬರಬೇಡಿ. ಒಬ್ಬೊಬ್ಬರು ವಾರಕ್ಕೊಂದು ಸಂಜೆ ತೆಗೆದುಕೊಳ್ಳಿ. ಒಂದು ಗಂಟೆ ನೀವು ಕೂತರೆ ಈ ಹುಡುಗಿ ಮಲಗಬಹುದು, ಅಲ್ವಾ? ಶನಿವಾರ ನನ್ನದು.

ಪುಟ್ಟಿ, ನಮ್ಮ ಅಜ್ಜನ ಮನೆಯ ಹಿಂದೆಯೂ ಒಂದು ಸುರಂಗ ಇತ್ತು. ಅಣ್ಣ ಚಿಮಣಿ ದೀಪ ಹಿಡಿದು ಮುಂದೆ ಹೋಗುತ್ತಿದ್ದ, ನಾನು ಅವನ ಚಡ್ಡಿ ಹಿಡಿದುಕೊಂಡು ಹಿಂದೆ. ತಣ್ಣಗಿನ ನೀರು ಪಾದಕ್ಕೆ ತಾಗುತ್ತಿತ್ತು. ದೀಪ ಮಂಕಾದರೆ ಗಾಳಿ ಕಡಿಮೆ ಅಂತ, ಕೂಡಲೇ ತಿರುಗಿ ಬರಬೇಕು. ಅವನಿಗೆ ಅದು ನೆನಪಿದೆಯಾ ಅಂತ ಇವತ್ತು ಕೇಳಿ ನೋಡು. ಮಾತು ಬರದಿದ್ದರೂ ಕಣ್ಣಲ್ಲಿ ಗೊತ್ತಾಗುತ್ತದೆ. ಅವನನ್ನು ಎಷ್ಟು ನಿಮಿಷ ಕೂರಿಸಿದೆ ಅಂತ ರಾತ್ರಿ ಇಲ್ಲಿ ಹಾಕು. ಒಂದೇ ನಿಮಿಷ ಆದರೂ ಹಾಕು. ಎರಡು ಬಟ್ಟಲು, ಒಂದು ಸೇರು ಅಡಿಕೆ ನಾನು ತರುತ್ತೇನೆ.