ತಮ್ಮನ ಆಪರೇಶನ್‌ಗೆ ಎಚ್‌ಐವಿ ಅಡ್ಡ ಬಂದಿದೆ, ಅನುಭವ ಇರುವವರು ಹೇಳಿ

ಕೇಳುತ್ತಿರುವವರು: ದಾವಣಗೆರೆ ಕಡೆಯ ಅಕ್ಕ

ನನ್ನ ತಮ್ಮನಿಗೆ ಹರ್ನಿಯಾ. ಎಚ್‌ಐವಿ ಇರುವುದು ಗೊತ್ತಾಗಿ ಆರೇಳು ವರ್ಷ ಆಯಿತು. ಎಚ್‌ಐವಿಯನ್ನು ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣಿಸುವುದೇ ಇಲ್ಲ. ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಆಪರೇಶನ್‌ಗೆ ದಿನ ಕೊಟ್ಟಿದ್ದರು. ರಕ್ತದ ರಿಪೋರ್ಟ್ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮೊದಲು ಡಾಕ್ಟರ್ ರಜೆ ಅಂದರು. ಆಮೇಲೆ ಓಟಿ (ಆಪರೇಶನ್ ಥಿಯೇಟರ್) ರಿಪೇರಿ ಅಂದರು. ಈಗ ಡಾಕ್ಟರು, ನರ್ಸು ಹಾಕಿಕೊಳ್ಳುವ ರಕ್ಷಣೆಯ ಗ್ಲೌಸ್, ಗೌನ್‌ಗೆ 'ಕಿಟ್ ಚಾರ್ಜ್' ಅಂತ ಪ್ಯಾಕೇಜ್ ಮೇಲೆ 30 ಸಾವಿರ ಜಾಸ್ತಿ ಕೇಳುತ್ತಿದ್ದಾರೆ. ಫೈಲ್ ಮೇಲೆ ಕೆಂಪು ಸ್ಟಿಕ್ಕರ್ ಬೇರೆ. ಬಿಲ್ ಕೌಂಟರ್‌ನ ಹುಡುಗಿಗೂ ವಿಷಯ ಗೊತ್ತು. ಇದಕ್ಕೆ ಕಾನೂನು ಇದೆ ಅಂತಾರೆ. ಅದು ಕೆಲಸಕ್ಕೆ ಬರುತ್ತದಾ? ದೂರು ಕೊಟ್ಟರೆ ಊರಿಗೆಲ್ಲಾ ಗೊತ್ತಾಗುತ್ತದಾ? ಅವನ ಕಂಪನಿಯಲ್ಲಿ ಯಾರಿಗೂ ತಿಳಿದಿಲ್ಲ.

ನಿವೃತ್ತ ಕೌನ್ಸೆಲರ್, ಮೈಸೂರು

ಕಾನೂನು ಇದೆ ತಾಯಿ, ಗಟ್ಟಿಯಾಗಿಯೇ ಇದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ, 2017ರದ್ದು. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಚಿಕಿತ್ಸೆ ಕೊಡದಿರುವುದು, ನಿಲ್ಲಿಸುವುದು, ಬೇರೆ ರೀತಿ ನಡೆಸಿಕೊಳ್ಳುವುದು ತಪ್ಪು ಅಂತ ಮೂರನೇ ಸೆಕ್ಷನ್ ಹೇಳುತ್ತದೆ. 'ಎಚ್‌ಐವಿ ಟೆಸ್ಟ್ ಮಾಡಿಸಿಕೊಂಡರೆ ಮಾತ್ರ ಚಿಕಿತ್ಸೆ' ಅಂತ ಷರತ್ತು ಹಾಕುವುದನ್ನೂ ಅದೇ ಸೆಕ್ಷನ್ ತಡೆಯುತ್ತದೆ. ಇದು ಬಹಳ ಆಸ್ಪತ್ರೆಯವರಿಗೇ ಗೊತ್ತಿಲ್ಲ, ಅಥವಾ ಗೊತ್ತಿಲ್ಲದವರ ಹಾಗೆ ಇರುತ್ತಾರೆ.

ಟೆಸ್ಟ್‌ಗೆ ರಕ್ತ ತೆಗೆಯುವ ಮುಂಚೆ ತಮ್ಮನಿಗೆ ಯಾರಾದರೂ ವಿಷಯ ಬಿಡಿಸಿ ಹೇಳಿದರಾ? ಒಪ್ಪಿಗೆ ಕೇಳಿದರಾ? ಅಡ್ಮಿಷನ್ ಫಾರಂನ ಕೆಳಗಡೆ ಸಣ್ಣ ಅಕ್ಷರದ ಸಾಲಿಗೆ ಹಾಕಿಸಿಕೊಂಡ ಸಹಿ ಒಪ್ಪಿಗೆ ಅಲ್ಲ. ಇನ್ನು ಆ ಕೆಂಪು ಸ್ಟಿಕ್ಕರ್. ಚಿಕಿತ್ಸೆ ಕೊಡುವ ಡಾಕ್ಟರು, ನರ್ಸಿಗೆ ಗೊತ್ತಾಗಬೇಕಾದದ್ದು ಬಿಲ್ ಕೌಂಟರ್‌ಗೆ ಯಾಕೆ? ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಕಾನೂನಿನ ಬಾಗಿಲು ತಟ್ಟುವುದಿಲ್ಲ. ತಮ್ಮ ಮಾತ್ರೆ ತೆಗೆದುಕೊಳ್ಳುವ ಎಆರ್‌ಟಿ ಸೆಂಟರ್‌ನ ಮೆಡಿಕಲ್ ಆಫೀಸರ್ ಹತ್ತಿರ ಹೋಗುತ್ತೇನೆ. ಇತ್ತೀಚಿನ ವೈರಲ್ ಲೋಡ್, ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ರಿಪೋರ್ಟ್ ಇಟ್ಟು ಸರ್ಜನ್ ಹೆಸರಿಗೆ ಒಂದು ಪತ್ರ ಕೇಳುತ್ತೇನೆ. ಆಗದಿದ್ದರೆ ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ರೆಫರಲ್. ಒಬ್ಬ ಡಾಕ್ಟರ್ ಇನ್ನೊಬ್ಬ ಡಾಕ್ಟರ್‌ಗೆ ಫೋನ್ ಮಾಡಿ ಮಾತಾಡಿದಾಗ ಆಗುವ ಕೆಲಸ ಲಾಯರ್ ನೋಟಿಸ್‌ಗೆ ಆಗುವುದಿಲ್ಲ. ದಾರಿ ತೋಚದಿದ್ದರೆ 1097ಕ್ಕೆ ಕರೆ ಮಾಡಿ, ಉಚಿತ ಸಹಾಯವಾಣಿ ಅದು.

ಸ್ಟಾಫ್ ನರ್ಸ್, ಓಟಿಯಲ್ಲಿ ಕೆಲಸ

ಅಕ್ಕಾ, ನಮ್ಮ ಕಡೆಯ ಮಾತೂ ಕೇಳಿ. ಓಟಿಯಲ್ಲಿ ಭಯ ಇರುವುದು ಸುಳ್ಳಲ್ಲ. ಸೂಜಿ ಚುಚ್ಚಿಕೊಂಡರೆ ಎದೆ ಧಸಕ್ ಅನ್ನುತ್ತದೆ, ಮನೆಯಲ್ಲಿ ಮಕ್ಕಳಿರುತ್ತವೆ. ಆದರೆ ಸೋಂಕು ತಗಲದ ಹಾಗೆ ತಡೆಯಲು ಮದ್ದು ಇದೆ. ಪೆಪ್ ಅಂತಾರೆ. ಚುಚ್ಚಿದ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ನುಂಗಬೇಕು. ಆ ಮಾತ್ರೆ ಕೊಡುವುದು, ಗ್ಲೌಸ್ ಗೌನ್ ಕೊಡುವುದು, ತರಬೇತಿ ಕೊಡುವುದು ಆಸ್ಪತ್ರೆಯ ಜವಾಬ್ದಾರಿ ಅಂತ ಅದೇ ಕಾಯ್ದೆಯಲ್ಲಿದೆ. ನಮ್ಮಂಥವರ ರಕ್ಷಣೆಗೂ ಬರೆದ ಕಾನೂನು ಅದು, ಯಾರೂ ಓದುವುದಿಲ್ಲ ಅಷ್ಟೆ.

ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ಬಾಯಿತನಕ ತುಂಬಿರುತ್ತಿತ್ತು. ಮೇಲಿನ ಸೂಜಿಗಳು ಹೊರಗೆ ಇಣುಕುತ್ತಿದ್ದವು. ಹೊಸ ಹುಡುಗಿಯರು ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದರು. ಅಂಥ ಕಡೆ ಎಚ್‌ಐವಿ ಪೇಷಂಟ್ ಬಂದರೆ ಮಾತ್ರ 'ಸ್ಪೆಷಲ್ ಕಿಟ್' ತೆಗೆಯುತ್ತಾರೆ! ಟೆಸ್ಟ್ ಮಾಡಿಸದ ಪೇಷಂಟ್ ದಿನಾ ಎಷ್ಟು ಜನ ಬರುತ್ತಾರೆ? ಹೆಪಟೈಟಿಸ್ ಬಿ ಇದ್ದವರು? ಎಲ್ಲರ ರಕ್ತಕ್ಕೂ ಒಂದೇ ಜಾಗ್ರತೆ ಬೇಕು. ಹಾಗೆ ನೋಡಿದರೆ ಕಿಟ್ ಚಾರ್ಜ್‌ಗೆ ಅರ್ಥವೇ ಇಲ್ಲ.

ಒಂದು ಕೆಲಸದ ಮಾತು. ಬೇರೆ ಆಸ್ಪತ್ರೆಗೆ ಹೋದಾಗ ಸರ್ಜನ್‌ಗೆ, ಅನಸ್ತೇಶಿಯಾ ಡಾಕ್ಟರ್‌ಗೆ ವಿಷಯ ಮುಚ್ಚಿಡಬೇಡಿ. ಮಾತ್ರೆ ಹೆಸರು ಹೇಳಿ. ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಔಷಧ ಇರುತ್ತದೆ. ಆಪರೇಶನ್ ಆದ ಮೇಲೆ ಆಸಿಡಿಟಿಗೆ ಆಂಟಾಸಿಡ್, ಶಕ್ತಿಗೆ ಕ್ಯಾಲ್ಸಿಯಂ, ಐರನ್ ಬರೆದರೆ ಅವನ್ನು ಈ ಮಾತ್ರೆ ಜೊತೆ ಒಟ್ಟಿಗೆ ನುಂಗಬಾರದು. ಎಆರ್‌ಟಿ ಮಾತ್ರೆಯನ್ನು ಅವಕ್ಕಿಂತ ಎರಡು ಗಂಟೆ ಮುಂಚೆ, ಇಲ್ಲವೇ ಆರು ಗಂಟೆ ಆದ ಮೇಲೆ. ಆಪರೇಶನ್ ದಿನ ಖಾಲಿ ಹೊಟ್ಟೆ ಅಂತ ಮಾತ್ರೆ ಬಿಟ್ಟುಬಿಡುತ್ತಾರೆ ಕೆಲವರು. ಬಿಡುವ ಮುಂಚೆ ಡಾಕ್ಟರನ್ನು ಕೇಳಿ, ಒಂದು ಗುಟುಕು ನೀರಲ್ಲಿ ನುಂಗಲು ಬಿಡುತ್ತಾರೆ ಸಾಮಾನ್ಯವಾಗಿ.

ದೂರು ಕೊಟ್ಟು ನೋಡಿದವನು, ಹುಬ್ಬಳ್ಳಿ

ನಮ್ಮ ಮನೆಯವರಿಗೆ ಪಿತ್ತಕೋಶದ ಆಪರೇಶನ್ ಆಗಬೇಕಿತ್ತು. ಇದೇ ಕಥೆ ರೀ ಅಕ್ಕಾರ, ಇದೇ ಕಿಟ್. ಅಲ್ಲಿ ದುಡ್ಡು ಕೊಟ್ಟೇ ಮಾಡಿಸಿದೆವು, ನೋವು ತಡೆಯಲಾಗದೆ. ಆಮೇಲೆ ಜಗಳಕ್ಕೆ ನಿಂತೆ.

20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ಈ ಎಚ್‌ಐವಿ ಕಾಯ್ದೆ ಪ್ರಕಾರ ಒಬ್ಬ ದೂರು ಅಧಿಕಾರಿ ಇರಬೇಕು. ರಿಸೆಪ್ಶನ್‌ನಲ್ಲಿ ಕೇಳಿದರೆ ಯಾರು ಅಂತ ಅವರಿಗೇ ಗೊತ್ತಿಲ್ಲ. ಅದರ ಮೇಲೆ ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ. ಅವರು 30 ದಿನದಲ್ಲಿ ಆದೇಶ ಕೊಡಬೇಕು, ತುರ್ತು ಚಿಕಿತ್ಸೆ ವಿಷಯ ಆದರೆ ಆದಷ್ಟೂ 24 ಗಂಟೆಯಲ್ಲಿ. ಆದೇಶ ಪಾಲಿಸದಿದ್ದರೆ 10 ಸಾವಿರದವರೆಗೆ ದಂಡ, ಆಮೇಲೂ ಪಾಲಿಸದೆ ಕೂತರೆ ದಿನಕ್ಕೆ 5 ಸಾವಿರದವರೆಗೆ. ಕಾಗದದ ಮೇಲೆ ಚೆಂದ. ನಾನು ಅಲೆದಾಗ ಆ ಅರ್ಜಿ ಯಾವ ಟೇಬಲ್‌ಗೆ ಹೋಗುತ್ತದೆ ಅಂತ ಹೇಳುವವರೇ ಸಿಗಲಿಲ್ಲ.

ನನಗೆ ಕೆಲಸಕ್ಕೆ ಬಂದದ್ದು ಬೇರೆ ಕಾನೂನು. ನಮ್ಮ ರಾಜ್ಯದ್ದೇ, ಕೆಪಿಎಂಇ ಅಂತಾರಲ್ಲ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರದ್ದು. 2017ರಲ್ಲಿ ತಿದ್ದುಪಡಿ ಮಾಡುವಾಗ ಖಾಸಗಿ ಡಾಕ್ಟರುಗಳೆಲ್ಲ ಮುಷ್ಕರ ಹೂಡಿದ್ದು ನೆನಪಿರಬಹುದು. ಆ ಕಾಯ್ದೆ ಪ್ರಕಾರ ದರಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ಜಿಲ್ಲೆಗೊಂದು ದೂರು ಪ್ರಾಧಿಕಾರ ಇದೆ. ಡಿಸಿ ಅಧ್ಯಕ್ಷರು, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಸದಸ್ಯ ಕಾರ್ಯದರ್ಶಿ. ಡಿಸಿ ಆಫೀಸ್ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಲ್ಲ!

ಇನ್ನೊಂದು ವಿಷಯ, ನೀವು ಕೇಳಿದ್ದಕ್ಕೆ ಉತ್ತರ ಇದೇ. ಆ ಪ್ರಾಧಿಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ಎಚ್‌ಐವಿ ಅನ್ನುವ ಮಾತನ್ನೇ ನಾನು ಬರೆಯಲಿಲ್ಲ. 'ಗೋಡೆ ಮೇಲಿನ ದರ ಇಷ್ಟು, ನಮ್ಮಿಂದ ತೆಗೆದುಕೊಂಡದ್ದು ಇಷ್ಟು, ಹೆಚ್ಚಿನ ದುಡ್ಡಿಗೆ ವಿವರ ಇರುವ ಬಿಲ್ ಕೊಟ್ಟಿಲ್ಲ.' ಇಷ್ಟೇ. ಹೆಚ್ಚಿನ ದುಡ್ಡು ಯಾಕೆ ಅಂತ ಹೇಳಬೇಕಾದವರು ಅವರು. ಬಾಯಿ ಬಿಟ್ಟು 'ಎಚ್‌ಐವಿ ಪೇಷಂಟ್ ಅಂತ ತೆಗೆದುಕೊಂಡೆವು' ಅಂದರೆ ಇನ್ನೊಂದು ಕಾನೂನಿಗೆ ತಾವೇ ಸಿಕ್ಕಿಬೀಳುತ್ತಾರೆ. ದುಡ್ಡಿನಲ್ಲಿ ಮುಕ್ಕಾಲು ಪಾಲು ವಾಪಸ್ ಬಂತು. ಪೂರ್ತಿ ಅಲ್ಲ.

ನಿಮಗಿನ್ನೂ ಆಪರೇಶನ್ ಆಗಿಲ್ಲ, ಹಾಗಾಗಿ ಕಿಟ್ ಚಾರ್ಜ್ ಅನ್ನು ಎಸ್ಟಿಮೇಟ್‌ನಲ್ಲಿ ಬರೆದು, ಸೀಲ್ ಹಾಕಿ ಕೊಡಿ ಅಂತ ಕೇಳಿ. ಜಗಳ ಬೇಡ, ಸುಮ್ನೆ ಕೇಳಿ. ಕೊಟ್ಟರೆ ದಾಖಲೆ ಸಿಕ್ಕಿತು. ಕೊಡದಿದ್ದರೆ ಬಹಳ ಸಲ ಆ ಚಾರ್ಜೇ ಕರಗಿ ಹೋಗುತ್ತದೆ.

ವಕೀಲೆ

ಹುಬ್ಬಳ್ಳಿ ಸರ್ ಉಪಾಯ ಚೆನ್ನಾಗಿದೆ. ಕೋರ್ಟ್ ಮೆಟ್ಟಿಲು ಹತ್ತಲೇಬೇಕಾದರೂ ಹೆಸರಿನ ಭಯ ಬೇಡ. ಹೆಸರು ಮರೆಮಾಚಿ ಕೇಸ್ ನಡೆಸಿ ಅಂತ ಕೇಳಲು ಎಚ್‌ಐವಿ ಕಾಯ್ದೆಯ 34ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಬೇಗ ವಿಚಾರಣೆ ಆಗಬೇಕು ಅಂತಲೂ ಇದೆ. ವಾಯುಪಡೆಯ ನಿವೃತ್ತ ಸಿಬ್ಬಂದಿಯೊಬ್ಬರಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಎಚ್‌ಐವಿ ಬಂದ ಕೇಸಿನಲ್ಲಿ, 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದೂವರೆ ಕೋಟಿಗೂ ಜಾಸ್ತಿ ಪರಿಹಾರ ಕೊಡಿಸಿತು. ಈ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿ ಅಂತ ಸರ್ಕಾರಗಳಿಗೂ, ಇಂಥ ಕೇಸುಗಳಿಗೆ ಆದ್ಯತೆ ಕೊಡಿ ಅಂತ ಕೋರ್ಟುಗಳಿಗೂ ಹೇಳಿತು.

ಕಾನೂನೇ ಶತ್ರುವಾಗಿದ್ದ ಕಾಲವೂ ಇತ್ತು. ಪಕ್ಕದ ಗೋವಾದಲ್ಲಿ ಎಚ್‌ಐವಿ ಇದ್ದವರನ್ನು ಬೇರೆ ಇಡಲು ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲೇ ಜಾಗ ಮಾಡಿದ್ದರು. ರಕ್ತದಾನ ಮಾಡಿದಾಗ ಎಚ್‌ಐವಿ ಇರುವುದು ಗೊತ್ತಾದ ಡೊಮಿನಿಕ್ ಡಿಸೋಜಾ ಅವರನ್ನು 1989ರಲ್ಲಿ 64 ದಿನ ಕೂಡಿಹಾಕಿದ್ದರು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ.

ಎಆರ್‌ಟಿ ಮೇಲೆ ಹದಿನೈದು ವರ್ಷದಿಂದ ಇರುವವನು

ವಕೀಲ ಮೇಡಂ ಹೇಳಿದಷ್ಟು ಹೊಗಳಲು ನನಗೆ ಮನಸ್ಸಿಲ್ಲ. ಮಾತ್ರೆ ಕೊಡುವುದು ಸರ್ಕಾರದ ಕೆಲಸ ಅಂತ ಇದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಜೊತೆಗೆ 'ಸಾಧ್ಯವಾದ ಮಟ್ಟಿಗೆ' ಅಂತ ಒಂದು ಬಾಲ ಅಂಟಿಸಿದ್ದಾರೆ. 2022ರಲ್ಲಿ ಮಾತ್ರೆ ಸರಿಯಾಗಿ ಸಿಗುತ್ತಿಲ್ಲ ಅಂತ ನಮ್ಮವರು ದೆಹಲಿಯಲ್ಲಿ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಆಫೀಸ್ ಮುಂದೆ ತಿಂಗಳಿಗೂ ಜಾಸ್ತಿ ಧರಣಿ ಕೂತಿದ್ದರು. ತಮ್ಮನ ಹತ್ತಿರ ಯಾವಾಗಲೂ ಸ್ವಲ್ಪ ಮಾತ್ರೆ ಉಳಿದಿರಲಿ. ಆಸ್ಪತ್ರೆಯಲ್ಲಿ ಮಲಗುವಾಗ ಆ ಡಬ್ಬಿ ಬ್ಯಾಗಿನಲ್ಲಿರಲಿ, ವಾರ್ಡಿನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ.

ಕೇಳಿದ ಅಕ್ಕ

ಎಲ್ಲರಿಗೂ ದೊಡ್ಡ ನಮಸ್ಕಾರ. ಎಸ್ಟಿಮೇಟ್ ಬರೆದು ಕೊಡಿ ಅಂತ ಕೇಳಿದೆ. 'ಮ್ಯಾನೇಜ್‌ಮೆಂಟ್ ಹತ್ತಿರ ಮಾತಾಡಿ ಹೇಳುತ್ತೇವೆ' ಅಂದಿದ್ದಾರೆ. ಸೋಮವಾರ ಎಆರ್‌ಟಿ ಸೆಂಟರ್‌ಗೂ ಹೋಗುತ್ತೇವೆ. ಇನ್ನೊಂದು ಸಂಶಯ: ರಜೆಗೆ ಕಂಪನಿಯವರು ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಾರೆ. ಅದರಲ್ಲಿ ಬರುತ್ತದಾ?

ಸ್ಟಾಫ್ ನರ್ಸ್

ಬರಬೇಕಾಗಿಲ್ಲ ಅಕ್ಕಾ. ಹರ್ನಿಯಾ ಆಪರೇಶನ್, ಇಷ್ಟು ವಾರ ವಿಶ್ರಾಂತಿ, ಭಾರ ಎತ್ತುವಂತಿಲ್ಲ. ಅಷ್ಟು ಬರೆದರೆ ಸಾಕು. ಜನ ಎಡವುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ. ಅದರಲ್ಲಿ ರಕ್ತದ ರಿಪೋರ್ಟ್ ಎಲ್ಲಾ ಇರುತ್ತದೆ, ಅದನ್ನೇ ಜೆರಾಕ್ಸ್ ಮಾಡಿ ಎಚ್‌ಆರ್‌ಗೆ ಕೊಟ್ಟುಬಿಡುತ್ತಾರೆ. ಕೊಡಬೇಡಿ. ಡಿಸ್ಚಾರ್ಜ್ ದಿನವೇ ಬೇರೆ ಹಾಳೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಕಂಪನಿ ಇನ್ಶೂರೆನ್ಸ್ ಬಳಸುವುದಾದರೆ ಕಾಗದಪತ್ರ ಇನ್ಶೂರೆನ್ಸ್‌ನವರಿಗೆ ನೇರವಾಗಿ ಹೋಗಲಿ, ಎಚ್‌ಆರ್ ಕೈಯಿಂದ ಹಾಯುವುದು ಬೇಡ.