ಚರ್ಮದಲ್ಲಿ ಏನೂ ಇಲ್ಲ, ಆದರೂ ಕೈ ತುರಿಕೆ. ರಾತ್ರಿ ಹೇಗೆ ಕಳೆಯುತ್ತೀರಿ?

ಸೂಜಿದಾರ:

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಬಟ್ಟೆ ಹೊಲಿಯುವುದು ನನ್ನ ಕೆಲಸ, 27 ವರ್ಷದಿಂದ ಇದೇ. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಎಡಗೈಯ ಹೊರಬದಿಯಲ್ಲಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ತುರಿಕೆ ಶುರುವಾಯಿತು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆ. ಆದರೆ ಸೊಳ್ಳೆ ಕಚ್ಚಿದ ಜಾಗ ಕೆರೆದರೆ ಒಂದು ಸುಖ ಸಿಗುತ್ತದೆ, ಅಲ್ವಾ? ಇದರಲ್ಲಿ ಅದಿಲ್ಲ. ಕೆರೆದಷ್ಟೂ ಆಳಕ್ಕೆ ಇಳಿಯುತ್ತದೆ. ಮೂಳೆಗೂ ಚರ್ಮಕ್ಕೂ ಮಧ್ಯೆ ಇರುವೆ ಸಾಲು ಹೋಗುತ್ತಿರುವ ಹಾಗೆ. ಉಗುರು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೊದಲು ತೋರಿಸಿದ ಡಾಕ್ಟರು ಅಲರ್ಜಿ ಅಂದರು. ನಾಲ್ಕು ತಿಂಗಳು ಮಾತ್ರೆ ನುಂಗಿದೆ. ನಿದ್ದೆ ಬಂತು, ತುರಿಕೆ ಹೋಗಲಿಲ್ಲ. ಸೋಪು ಬದಲಾಯಿಸಿದೆ. ಇನ್ನೊಬ್ಬರು ಸ್ಟಿರಾಯ್ಡ್ ಮುಲಾಮು ಕೊಟ್ಟರು, ಹಚ್ಚಿ ಹಚ್ಚಿ ಆ ಜಾಗದ ಚರ್ಮವೇ ತೆಳ್ಳಗಾಯಿತು. ಮತ್ತೊಬ್ಬರು ಕೈ ತಿರುಗಿಸಿ ನೋಡಿ, ಗುಳ್ಳೆ ಇಲ್ಲ ಏನೂ ಇಲ್ಲ, ಸುಮ್ನೆ ಚಿಂತೆ ಮಾಡಬೇಡಿ ಅಂದು ಕಳಿಸಿದರು. ಅವರಿಗೆ ಕಂಡಿದ್ದು ಒಂದೇ, ನಾನೇ ಕೆರೆದುಕೊಂಡ ಗೀರುಗಳು. ಅಳತೆ ಕೊಡಲು ಬಂದವರೊಬ್ಬರು ಆ ಗೀರು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಅವತ್ತಿನಿಂದ ಅಳತೆ ತೆಗೆಯುವಾಗ ತುಂಬು ತೋಳು ಹಾಕುತ್ತೇನೆ.

ಹೋದ ತಿಂಗಳು ಹೊಸ ಡಾಕ್ಟರೊಬ್ಬರು ಎರಡೇ ಪ್ರಶ್ನೆ ಕೇಳಿದರು. ಐಸ್ ಇಟ್ಟರೆ ಏನಾಗುತ್ತದೆ? ಮೆಷಿನ್ ಮುಂದೆ ಕೂತಾಗ ಕಿಟಕಿ ಯಾವ ಕಡೆ ಬರುತ್ತದೆ? ಐಸ್ ಇಟ್ಟರೆ ಮಾತ್ರ ತುರಿಕೆ ನಿಲ್ಲುತ್ತದೆ, ಕಿಟಕಿ ಎಡಕ್ಕಿದೆ ಅಂದೆ. ಅವರು ಕೈ ಬಿಟ್ಟು ಕತ್ತು ನೋಡಲು ಶುರು ಮಾಡಿದರು! ಸ್ಕ್ಯಾನ್‌ನಲ್ಲಿ ಕತ್ತಿನ 5 ಮತ್ತು 6ನೇ ಮೂಳೆಯ ಮಧ್ಯೆ ಕೈಗೆ ಹೋಗುವ ನರ ಹೊರಬರುವ ದಾರಿ ಇಕ್ಕಟ್ಟಾಗಿದೆ ಅಂತ ಬಂತು. ಇದಕ್ಕೆ ಬ್ರೇಕಿಯೋರೇಡಿಯಲ್ ಪ್ರುರೈಟಸ್ ಅಂತ ಹೆಸರಂತೆ. ಮೂರು ವರ್ಷದ ಮೇಲೆ ಹೆಸರು ಸಿಕ್ಕಿತಲ್ಲ ಅಂತ ಅಲ್ಲೇ ಕೂತು ಅತ್ತುಬಿಟ್ಟೆ.

ಈಗ ಕೇಳಬೇಕಾದ ವಿಷಯ. ರಾತ್ರಿಗೆ ಗ್ಯಾಬಪೆಂಟಿನ್ ಅನ್ನುವ ನರದ ಮಾತ್ರೆ, 100 ಮಿಲಿಗ್ರಾಂ, ಬರೆದುಕೊಟ್ಟಿದ್ದಾರೆ. ಮಾತ್ರೆ ಒಂದು ವಾರದಿಂದ ಡ್ರಾಯರಿನಲ್ಲೇ ಇದೆ. ಮಂಪರು ಬರುತ್ತದೆ ಅಂತ ಓದಿದೆ. ನನ್ನದು ಕತ್ತರಿ ಹಿಡಿಯುವ ಕೈ. ತೆಗೆದುಕೊಂಡವರು ಯಾರಾದರೂ ಇದ್ದೀರಾ? ಇನ್ನೊಂದು, ನಿದ್ದೆಯಲ್ಲಿ ಕೆರೆದುಕೊಳ್ಳುವುದನ್ನು ಹೇಗೆ ತಡೆಯುತ್ತೀರಿ? ರಾತ್ರಿ ನಾಲ್ಕು ಸಲ ಏಳುತ್ತೇನೆ. ದಿಂಬಿನ ಕವರಿಗೆ ರಕ್ತದ ಕಲೆ.

ಬೆನ್ನಿನಮಚ್ಚೆ:

ಅಕ್ಕಾ, ನಿಮ್ಮದು ಕೈ, ನನ್ನದು ಬೆನ್ನು. ಬಲ ಹೆಗಲ ಮೂಳೆಯ ಪಕ್ಕ, ನನ್ನ ಕೈ ಸರಿಯಾಗಿ ಎಟುಕದ ಜಾಗದಲ್ಲೇ. ಒಂಬತ್ತು ವರ್ಷ ಆಯಿತು. ಬಾಗಿಲ ಚೌಕಟ್ಟಿಗೆ ಉಜ್ಜಿ ಉಜ್ಜಿ ಅಂಗೈಯಗಲ ಕಪ್ಪು ಮಚ್ಚೆ ಬಿದ್ದಿದೆ, ಅದಕ್ಕೇ ಈ ಹೆಸರು. ನನ್ನದಕ್ಕೆ ನೋಟಾಲ್ಜಿಯಾ ಪ್ಯಾರಸ್ಥೆಟಿಕಾ ಅನ್ನುತ್ತಾರೆ. ಬೆನ್ನಿನ ಮೇಲ್ಭಾಗದ ನರಗಳು ಸ್ನಾಯುಗಳ ಮಧ್ಯೆ ನುಸುಳಿ, ಮೂಲೆ ತಿರುಗಿ ಚರ್ಮಕ್ಕೆ ಬರುತ್ತವಂತೆ. ಆ ತಿರುವಿನಲ್ಲಿ ಒತ್ತಡ ಬಿದ್ದರೆ ತುರಿಕೆ.

ನಿಮಗೆ ಹೊಲಿಗೆ ಗೊತ್ತಲ್ಲ. ಬಟ್ಟೆಯಲ್ಲಿ ಒಂದು ಕಡೆ ಎಳೆ ಸಿಕ್ಕಿಕೊಂಡರೆ ಸುಕ್ಕು ಬೀಳುವುದು ಇನ್ನೊಂದು ಕಡೆ. ಸುಕ್ಕಿನ ಮೇಲೆ ಎಷ್ಟು ಇಸ್ತ್ರಿ ಹೊಡೆದರೂ ಹೋಗುವುದಿಲ್ಲ. ನಾವು ಇಷ್ಟು ವರ್ಷ ಮಾಡಿದ್ದು ಅದೇ.

ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಬಿಸಿ ನೀರು. ಸುಡುಸುಡು ನೀರು ಸುರಿದುಕೊಂಡರೆ ಅರ್ಧ ನಿಮಿಷ ಸ್ವರ್ಗ. ಅರ್ಧ ಗಂಟೆಗೆ ದುಪ್ಪಟ್ಟು ತುರಿಕೆ. ಕೆರೆಯುವುದೂ ಹಾಗೇ. ಕೆರೆದಾಗ ಆಗುವ ಸಣ್ಣ ನೋವು ತುರಿಕೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ಆಮೇಲೆ ಕ್ಯಾಪ್ಸೈಸಿನ್ ಮುಲಾಮು. ಮೆಣಸಿನಕಾಯಿಯ ಖಾರದ ಅಂಶವೇ ಅದು. ಮೊದಲ ವಾರ ಬೆಂಕಿ. ದಿನಕ್ಕೆ ಮೂರು ನಾಲ್ಕು ಸಲ, ಬಿಡದೆ ಹಚ್ಚಬೇಕು, ಆಗ ನರದ ತುದಿ ಸೋಲುತ್ತದೆ. ನಾನು ಎರಡನೇ ದಿನ ಹಚ್ಚಿದ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಅದರ ಕಥೆ ಬೇಡ ಬಿಡಿ. ನಿಮ್ಮ ಕೈಯಲ್ಲಿ ಗೀರು ಇದೆ ಅಂದಿರಿ. ಗಾಯ ಪೂರ್ತಿ ಒಣಗುವ ತನಕ ಆ ಮುಲಾಮಿನ ಹತ್ತಿರ ಹೋಗಬೇಡಿ.

ರಾತ್ರಿಗೆ ನನ್ನ ಉಪಾಯ: ಉಗುರು ಚಿಕ್ಕದು, ಕೋಣೆ ತಣ್ಣಗೆ, ಮಲಗುವ ಮೊದಲು ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ, ತಣ್ಣಗಾಗಿ ಮರಗಟ್ಟಿದ ಜಾಗದಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ಎಚ್ಚರವಾದಾಗ ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿಯುವುದು. ನಿಮಗೆ ಕೈ ಎಟುಕುತ್ತದೆ, ಪುಣ್ಯವಂತರು. ನಾನು ಮನೆಯವರನ್ನು ಎಬ್ಬಿಸಬೇಕು.

ಮಾತ್ರೆಡಬ್ಬಿ:

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ಇದೇ ಗೊಂದಲ ದಿನಾ ನೋಡುತ್ತೇನೆ. ಅಲರ್ಜಿ ಮಾತ್ರೆ ತಡೆಯುವುದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು. ನಿಮ್ಮ ತುರಿಕೆಯಲ್ಲಿ ಅದರ ಪಾತ್ರ ಅಷ್ಟಿಲ್ಲ. ನರವೇ ತಪ್ಪು ಸುದ್ದಿ ಕಳಿಸುತ್ತಿದೆ. ಹಾಗಾಗಿ ಆ ಮಾತ್ರೆ ಕೆಲಸ ಮಾಡದಿದ್ದುದು ನಿಮ್ಮ ತಪ್ಪಲ್ಲ.

ಗ್ಯಾಬಪೆಂಟಿನ್ ವಿಷಯ. 100 ಮಿಲಿಗ್ರಾಂ ಸಣ್ಣ ಪ್ರಮಾಣ, ಮೆಲ್ಲಗೆ ಶುರು ಮಾಡಿಸಿದ್ದಾರೆ. ಮಂಪರು, ತಲೆ ಸುತ್ತು ಶುರುವಿನಲ್ಲಿ ಜಾಸ್ತಿ, ಹಲವರಿಗೆ ಆಮೇಲೆ ಇಳಿಯುತ್ತದೆ. ಮಾರನೇ ದಿನ ರಜಾ ಇರುವಂಥ ರಾತ್ರಿ ಶುರು ಮಾಡಿ. ಒಂದೆರಡು ದಿನದಲ್ಲಿ ಏನೂ ಆಗಲಿಲ್ಲ ಅಂತ ಬಿಡಬೇಡಿ, ಗುಣ ಕಾಣಲು ವಾರಗಳು ಬೇಕಾಗಬಹುದು. ಬೇಡ ಅನ್ನಿಸಿದರೂ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ಡಾಕ್ಟರನ್ನು ಕೇಳಿ ಇಳಿಸುತ್ತಾ ಬರಬೇಕು. ಇದು ಕಿಡ್ನಿ ಮೂಲಕವೇ ಹೊರಹೋಗುವ ಔಷಧಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ನಿದ್ದೆ ಮಾತ್ರೆ, ಮದ್ಯ, ಬಲವಾದ ನೋವಿನ ಮಾತ್ರೆಗಳ ಜೊತೆ ಬೇಡ. ಹಳೆಯ ಅಲರ್ಜಿ ಮಾತ್ರೆ ಇನ್ನೂ ನುಂಗುತ್ತಿದ್ದರೆ ಅದನ್ನೂ ಹೇಳಿ, ಎರಡೂ ಸೇರಿದರೆ ಮಂಪರು ಏರುತ್ತದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಗುಳ್ಳೆ ಇಲ್ಲದೆ ಮೈಯೆಲ್ಲಾ ತುರಿಸುತ್ತಿದ್ದರೆ ಅದು ಬೇರೆ ಲೆಕ್ಕ. ಲಿವರ್, ಕಿಡ್ನಿ, ಥೈರಾಯ್ಡ್, ಕಬ್ಬಿಣದ ಕೊರತೆ, ಇವುಗಳಿಗೆ ರಕ್ತ ಪರೀಕ್ಷೆ ಮಾಡಿಸಿ. ಆರು ವಾರ ದಾಟಿದ ತುರಿಕೆಯನ್ನು ಸಣ್ಣದು ಅಂತ ಬಿಡಬಾರದು.

ಮುಚ್ಚಿದಕಿಟಕಿ:

ಗ್ಯಾಬಪೆಂಟಿನ್ ಎಲ್ಲರಿಗೂ ಆಗಿಬರುತ್ತದೆ ಅಂದುಕೊಳ್ಳಬೇಡಿ. ಆರು ತಿಂಗಳು ನಾನೂ ತೆಗೆದುಕೊಂಡೆ, ಕಾಲು ಊದಿತು, ಬಿಡಿಸಿದರು. ನನಗೆ ಹೆಚ್ಚು ಉಪಕಾರ ಆಗಿದ್ದು ಪರದೆ. ನಿಮ್ಮ ಡಾಕ್ಟರು ಕಿಟಕಿ ಕೇಳಿದ್ದು ಸುಮ್ನೆ ಅಲ್ಲ. ಕತ್ತಿನ ನರ ಮೊದಲೇ ನೊಂದಿರುತ್ತದೆ, ಬಿಸಿಲು ಅದನ್ನು ಕೆಣಕುತ್ತದೆ. ಗಾಜು ಎಲ್ಲ ಕಿರಣಗಳನ್ನೂ ತಡೆಯುವುದಿಲ್ಲ. ನನಗೂ ಬೇಸಿಗೆಯಲ್ಲೇ ಏರುವುದು, ಚಳಿಗಾಲದಲ್ಲಿ ಮರೆತೇ ಹೋಗುತ್ತದೆ. ತುಂಬು ತೋಳು ಹಾಕುತ್ತೇನೆ ಅಂದಿರಲ್ಲ, ಗೀರು ಮುಚ್ಚುವುದಕ್ಕಲ್ಲ, ಬಿಸಿಲಿಗೆ ಅಂತ ದಿನವಿಡೀ ಹಾಕಿ.

ಕೈಯಲ್ಲಿ ಬಲ ಕಡಿಮೆಯಾದರೆ, ಸೂಜಿ ಜಾರಲು ಶುರುವಾದರೆ ಕಾಯಬೇಡಿ, ತಕ್ಷಣ ಹೋಗಿ ತೋರಿಸಿ.

ಸೂಜಿದಾರ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡಿದೆ, ರಜಾ ನೋಡಿಕೊಂಡೇ. ಮೊದಲ ಬೆಳಗ್ಗೆ ತಲೆಯಲ್ಲಿ ಹತ್ತಿ ತುಂಬಿದ ಹಾಗಿತ್ತು. ಮೊದಲ ನಾಲ್ಕು ದಿನ ಕತ್ತರಿ ಮುಟ್ಟಲಿಲ್ಲ, ಗುಂಡಿ ಹಚ್ಚುವುದು, ಹೊಲಿಗೆ ಬಿಚ್ಚುವುದು ಅಷ್ಟೇ. ಐದನೇ ದಿನ ಒಂದು ಲಂಗದ ಬಟ್ಟೆ ಕತ್ತರಿಸಿದೆ, ಸರಿಯಾಗೇ ಬಂತು. ಹೋದ ವಾರ ಡಾಕ್ಟರು ಪ್ರಮಾಣ ಸ್ವಲ್ಪ ಏರಿಸಿದ್ದಾರೆ. ತುರಿಕೆ ಹೋಗಿಲ್ಲ. ನಾಲ್ಕು ಸಲ ಏಳುತ್ತಿದ್ದವಳು ಈಗ ಒಂದು ಸಲ ಏಳುತ್ತೇನೆ, ಒಂದೆರಡು ರಾತ್ರಿ ಏಳಲೇ ಇಲ್ಲ.

ಮೆಷಿನ್ ತಿರುಗಿಸಿ ಇಟ್ಟೆ. ಈಗ ಬೆಳಕು ಬಲಗಡೆಯಿಂದ ಬರುತ್ತದೆ, ಹೆಚ್ಚು ಹೊತ್ತು ಪರದೆ ಎಳೆದೇ ಇರುತ್ತೇನೆ. ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಮೂರು ಇಂಚು ಎತ್ತರಿಸಿದೆ, ಕತ್ತು ಅಷ್ಟು ಬಾಗುವುದಿಲ್ಲ. 27 ವರ್ಷದ ಅಭ್ಯಾಸ, ಕಾಲಿಗೆ ಪೆಡಲ್ ಸಿಗದೆ ಎರಡು ದಿನ ಬೈದುಕೊಂಡೆ. ಆಮೇಲೆ ಪೆಡಲಿನ ಕೆಳಗೂ ಒಂದು ಹಲಗೆ ಇಟ್ಟೆ.

ಇನ್ನೊಂದು ಮಾಡಿದ್ದೇನೆ. ಹಳೆಯ ಹತ್ತಿ ಸೀರೆಯಲ್ಲಿ ಮುಂದೋಳಿಗೊಂದು ಚೀಲ ಹೊಲಿದೆ, ಹೊರಬದಿಗೆ ಎರಡು ಪದರದ ಜೇಬು. ಐಸ್ ಪ್ಯಾಕ್ ಅದರಲ್ಲಿ ಇಟ್ಟರೆ ಜಾರುವುದಿಲ್ಲ, ಚರ್ಮಕ್ಕೂ ತಗುಲುವುದಿಲ್ಲ. ಹತ್ತು ನಿಮಿಷಕ್ಕೆ ಪ್ಯಾಕ್ ತೆಗೆದು ಚೀಲ ಹಾಗೇ ಬಿಟ್ಟು ಮಲಗುತ್ತೇನೆ. ನಿದ್ದೆಯಲ್ಲಿ ಉಗುರಿಗೆ ಸಿಗುವುದು ಬಟ್ಟೆ.

ಬೆನ್ನಿನಮಚ್ಚೆ, ನಿಮಗೂ ಒಂದು ಮಾಡಬಹುದು, ಹೆಗಲಿಗೆ ಎರಡು ಪಟ್ಟಿ ಕೊಟ್ಟು. ಮನೆಯವರನ್ನು ಎಬ್ಬಿಸುವುದು ತಪ್ಪುತ್ತದೆ. ಹೆಗಲ ಮೇಲಿಂದ ಮಚ್ಚೆಯವರೆಗೆ ಎಷ್ಟು ಇಂಚು ಅಂತ ಅಳೆಸಿ ಹೇಳಿ.

ಬೆನ್ನಿನಮಚ್ಚೆ:

ಏಳೂವರೆ ಇಂಚು ಅಕ್ಕಾ. ಬಲಗಡೆ. ಅಳೆದವರು ಜೇಬು ಸ್ವಲ್ಪ ದೊಡ್ಡದೇ ಇರಲಿ ಅನ್ನುತ್ತಿದ್ದಾರೆ.