ಅಯೋವಾದ ಸಣ್ಣ ಊರಿಗೆ ಮಕ್ಕಳೊಂದಿಗೆ ಬರುವವರಿಗೆ

ಅಮೆರಿಕದ ಅಯೋವಾ ರಾಜ್ಯದ ವಾಯವ್ಯದಲ್ಲಿರುವ ಸ್ಟಾರ್ಮ್ ಲೇಕ್‌ನಂತಹ ಊರಿಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬರಬಹುದೇ ಎಂದು ಕೇಳಿದ್ದೀರಿ. ತರಬೇತಿಗೆಂದು ಜೆ-1 ವೀಸಾದಲ್ಲಿ ಬಂದು, ಮುಗಿದ ಮೇಲೆ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆಯಲು ಮೂರು ವರ್ಷ ಇಂಥ ಕಡೆ ಕೆಲಸ ಮಾಡಬೇಕಾದ ವೈದ್ಯರು ಚಳಿಯನ್ನೂ ಒಂಟಿತನವನ್ನೂ ನೆನೆದು ಅಂಜುತ್ತಾರೆ. ಅದಕ್ಕಿಂತ ಮೊದಲು ಊರು ಯಾವುದರಿಂದ ಬದುಕುತ್ತಿದೆ ಎಂದು ವಿಚಾರಿಸಿ. ಮಕ್ಕಳ ಶಾಲೆಯ ಹಣೆಬರಹ ಅದನ್ನೇ ಅವಲಂಬಿಸಿದೆ.

ಕಣ್ಣು ಹಾಯಿಸಿದಷ್ಟು ದೂರವೂ ಮೆಕ್ಕೆಜೋಳ, ಸೋಯಾ. ಆದರೂ ಈ ಹೊಲಗಳಿಗೆ ಹೆಚ್ಚು ಕೈಗಳು ಬೇಕಿಲ್ಲ. ದೊಡ್ಡ ಯಂತ್ರಗಳಿದ್ದರೆ ಒಂದೇ ಕುಟುಂಬ ನೂರಾರು ಎಕರೆಯನ್ನು ನಿಭಾಯಿಸುತ್ತದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆಯಂತೆ 2024ರಲ್ಲಿ ರಾಜ್ಯದ ಕೃಷಿಭೂಮಿಯ ಸರಾಸರಿ ಬೆಲೆ ಎಕರೆಗೆ 11,467 ಡಾಲರ್. ಆಸ್ತಿಯಿಲ್ಲದ ಯುವಕ ಬೇಸಾಯಕ್ಕೆ ಇಳಿಯುವುದು ಹೇಗೆ? ಯುವಜನರು ನಗರ ಸೇರುತ್ತಾರೆ, ತರಗತಿಗಳು ಖಾಲಿಯಾಗುತ್ತವೆ, ಎರಡು ಮೂರು ಊರುಗಳ ಶಾಲೆಗಳು ಸೇರಿ ಒಂದಾಗುತ್ತವೆ.

ಸ್ಟಾರ್ಮ್ ಲೇಕ್ ಹಾಗಾಗಲಿಲ್ಲ. ಹಂದಿ ಮತ್ತು ಟರ್ಕಿ ಕೋಳಿ ಮಾಂಸದ ಕಾರ್ಖಾನೆಗಳಿಗೆ ಲಾವೋಸ್, ಮೆಕ್ಸಿಕೊ ಮತ್ತಿತರ ಕಡೆಗಳಿಂದ ಜನ ಬಂದರು. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 11,269. ಶಾಲೆಯಲ್ಲಿ ವಲಸಿಗರ ಮಕ್ಕಳೇ ಹೆಚ್ಚು. ನಿಮ್ಮ ಮಗು ತರಗತಿಯಲ್ಲಿ ಬೇರೆಯಾಗಿ ಕಾಣುವ ಒಂದೇ ಒಂದು ಮಗುವಾಗಿ ಕೂರಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಇದು ಸಂಬಳಕ್ಕಿಂತ ದೊಡ್ಡ ವಿಷಯ. ಆದರೆ ಕಾರ್ಖಾನೆಯನ್ನೇ ನಂಬಿದ ಊರಿಗೆ ಅಪಾಯವೂ ಇದೆ. ಇದೇ ರಾಜ್ಯದ ಪೆರಿಯಲ್ಲಿ 2024ರ ಜೂನ್‌ನಲ್ಲಿ ಟೈಸನ್ ಕಂಪನಿಯ ಹಂದಿಮಾಂಸ ಕಾರ್ಖಾನೆ ಮುಚ್ಚಿತು. ಸುಮಾರು 8,000 ಜನರ ಊರಿನಲ್ಲಿ ಸುಮಾರು 1,300 ಮಂದಿ ಕೆಲಸ ಕಳೆದುಕೊಂಡರು. ಸ್ಟಾರ್ಮ್ ಲೇಕ್‌ನಲ್ಲಿ ಒಂದು ವಿಶ್ವವಿದ್ಯಾಲಯವೂ ಆಸ್ಪತ್ರೆಯೂ ಇರುವುದು ಸಮಾಧಾನದ ಸಂಗತಿ.

ಮಕ್ಕಳಿಗೆ ಇಲ್ಲಿ ಸಿಗುವ ಸ್ವಾತಂತ್ರ್ಯ ದೊಡ್ಡ ನಗರದಲ್ಲಿ ಸಿಗುವುದಿಲ್ಲ. 4-ಎಚ್ ಎಂಬ ಮಕ್ಕಳ ಕ್ಲಬ್ ಸೇರಿದವರು ಕರುವನ್ನೋ ಮೊಲವನ್ನೋ ಸಾಕಿ, ಖರ್ಚಿನ ಲೆಕ್ಕ ಬರೆದು, ಬೇಸಿಗೆಯಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜಾತ್ರೆಗೆ ಒಯ್ಯುತ್ತಾರೆ. ಹದಿನಾಲ್ಕು ದಾಟಿದವರು ಜುಲೈನಲ್ಲಿ ಬೀಜದ ಮೆಕ್ಕೆಜೋಳದ ಹೊಲಕ್ಕಿಳಿದು, ಹೆಣ್ಣು ಸಾಲಿನ ಗಿಡಗಳ ತುದಿಯ ಗಂಡು ಹೂಗೊಂಚಲನ್ನು ಕಿತ್ತು ತಮ್ಮದೇ ಹಣ ಸಂಪಾದಿಸುತ್ತಾರೆ. ಬಿಸಿಲು, ಕೆಸರು, ಗರಿಯಿಂದ ಗೀರಿದ ತೋಳು. ವೈದ್ಯರ ಮಕ್ಕಳಿಗೇಕೆ ಇದು ಎಂದು ದಯವಿಟ್ಟು ತಡೆಯಬೇಡಿ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಬೆಳೆಗಾರರ ಕಷ್ಟ ಅವರಿಗೆ ಮುಂದೆ ತಾನಾಗಿ ಅರ್ಥವಾಗುತ್ತದೆ.

ಊರಾಚೆ ಮನೆ ಕೊಳ್ಳುವುದಾದರೆ ಬಾವಿ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 10 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬಾರದು. ಗೊಬ್ಬರದ ನೈಟ್ರೇಟ್ ಹೊಲದಡಿಯ ಕೊಳವೆಗಳಿಂದ ಹಳ್ಳಗಳನ್ನು ಸೇರುವ ನಾಡು ಇದು. ಇನ್ನೊಂದು ಮಗುವಿನ ಯೋಚನೆಯಿದ್ದರೆ ಹತ್ತಿರದ ಹೆರಿಗೆ ವಿಭಾಗ ಎಲ್ಲಿದೆ ಎಂದೂ ಕೇಳಿ. ಅಯೋವಾದ ಗ್ರಾಮೀಣ ಆಸ್ಪತ್ರೆಗಳು ಅವನ್ನು ಒಂದೊಂದಾಗಿ ಮುಚ್ಚಿವೆ.

ಕನ್ನಡದವರ ಒಡನಾಟಕ್ಕೆ ಡೆ ಮೊಯಿನ್‌ಗೋ ಒಮಾಹಾಗೋ ಎರಡೂವರೆ ಗಂಟೆ ಕಾರಿನಲ್ಲಿ ಹೋಗಬೇಕು. ಹಾಗಾಗಿ ಮನೆಯ ಮಾತು ಕನ್ನಡವೇ ಆಗಿರಲಿ. ಸಂದರ್ಶನಕ್ಕೆ ಬರುವಾಗ ಮಕ್ಕಳನ್ನೂ ಕರೆತನ್ನಿ, ಕಳೆದ ಹತ್ತು ವರ್ಷಗಳ ದಾಖಲಾತಿಯ ಅಂಕಿಗಳನ್ನು ಶಾಲೆಯವರಲ್ಲಿ ಕೇಳಿ ಪಡೆಯಿರಿ.